ಹಳೆಯ ಗಾಡಿಯ ಹಿಂಭಾಗ ಕೂತುಬಿಟ್ಟಾಗ: ಟ್ರೈಲರ್ ಎಳೆಯುವವರಿಗೆ ಪಟ್ಟಿ ಕೆಲಸದ ಮಾರ್ಗದರ್ಶಿ

ತುಂಗಭದ್ರಾ ಕಾಲುವೆಯ ನೀರುಣ್ಣುವ ಸಿರುಗುಪ್ಪ, ಕಾರಟಗಿ, ಗಂಗಾವತಿ, ಸಿಂಧನೂರು ಸೀಮೆಯಲ್ಲಿ ಹತ್ತು ಹದಿನೈದು ವರ್ಷ ದುಡಿದ ಬೊಲೆರೊಗಳಿಗೂ ಪಿಕಪ್‌ಗಳಿಗೂ ಇನ್ನೂ ಬಿಡುವು ಸಿಕ್ಕಿಲ್ಲ. ಮನೆ ಕಟ್ಟುವವರ ಕಾಂಕ್ರೀಟ್ ಮಿಕ್ಸರ್, ಮದುವೆ ಮನೆಯ ಜನರೇಟರ್, ಬೇಸಿಗೆಯಲ್ಲಿ ತೋಟಕ್ಕೆ ನೀರು ಹೊರುವ ಟ್ಯಾಂಕ್ ಎಲ್ಲವೂ ಅವುಗಳ ಹಿಂದಿನ ಕೊಂಡಿಗೆ ಸಿಕ್ಕಿಕೊಂಡೇ ಊರಿಂದೂರಿಗೆ ಹೋಗುತ್ತವೆ. ಹೀಗೆ ದುಡಿದ ಗಾಡಿಯ ಹಿಂಭಾಗ ಒಂದು ದಿನ ಕೂತುಬಿಡುತ್ತದೆ. ಮೂತಿ ಮೇಲೇಳುತ್ತದೆ, ಹೆಡ್‌ಲೈಟಿನ ಬೆಳಕು ಎದುರು ಬರುವವರ ಕಣ್ಣಿಗೆ ನೇರವಾಗಿ ಹೊಡೆಯುತ್ತದೆ, ಸ್ಟಿಯರಿಂಗ್ ಹಗುರಾಗುತ್ತದೆ, ಹಂಪ್ ದಾಟುವಾಗ ಹಿಂದಿನಿಂದ ದಡ್ ಎಂಬ ಸದ್ದು ಬರುತ್ತದೆ.

ಗ್ಯಾರೇಜಿಗೆ ಹೋದರೆ ಸಿಗುವ ಮೊದಲ ಸಲಹೆ ಎಲ್ಲ ಕಡೆಯೂ ಒಂದೇ: "ಒಂದ್ ಪಟ್ಟಿ ಹೆಚ್ಚಿಗಿ ಹಾಕಿಸಿಬಿಡ್ರಿ, ಎಷ್ಟರ ಲೋಡ್ ಇರಲಿ, ತಡಿತೈತಿ." ಪಟ್ಟಿ ಎಂದರೆ ಹಿಂದಿನ ಚಕ್ರಗಳ ಮೇಲೆ ಗಾಡಿಯ ಭಾರ ಹೊರುವ ಉಕ್ಕಿನ ಸ್ಪ್ರಿಂಗ್ ಪಟ್ಟಿ. ಈ ಸಲಹೆ ಕೆಲವು ಗಾಡಿಗಳಿಗೆ ಸರಿ, ಅನೇಕ ಗಾಡಿಗಳಿಗೆ ತಪ್ಪು. ಯಾವ ಗಾಡಿಗೆ ಸರಿ, ಯಾವುದಕ್ಕೆ ತಪ್ಪು ಎಂಬುದು ಅಳತೆ ಟೇಪ್ ಮತ್ತು ತೂಕದ ಕಾಟಾ ಹೇಳುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಮಾಡಬೇಕಾದ ಕೆಲಸಕ್ಕೆ ಈ ಲೇಖನದಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಬಾಗು ಬೇರೆ, ಬಿಗುವು ಬೇರೆ

ಹಿಂದಿನ ಎರಡು ಚಕ್ರಗಳನ್ನು ಕೂಡಿಸುವ ಆಕ್ಸೆಲಿನ ಎರಡೂ ಬದಿಗೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಟ್ಟು ಇರುತ್ತದೆ. ಇದೇ ಲೀಫ್ ಸ್ಪ್ರಿಂಗ್. ಗ್ಯಾರೇಜಿನವರು ಪಟ್ಟಿ ಎಂದೂ ಬ್ಲೇಡ್ ಎಂದೂ ಪ್ಲೇಟ್ ಎಂದೂ ಕರೆಯುತ್ತಾರೆ. ಎರಡೂ ತುದಿಯಲ್ಲಿ ಕಣ್ಣು ಸುತ್ತಿದ ಉದ್ದನೆಯ ಪಟ್ಟಿ ಮೇನ್ ಪ್ಲೇಟ್. ಅದರ ಮುಂದಿನ ಕಣ್ಣು ಗಾಡಿಯ ಅಡಿಚೌಕಟ್ಟಾದ ಚಾಸಿಯ ಬ್ರಾಕೆಟ್ಟಿಗೆ ನೇರವಾಗಿ ಕೂಡಿಕೊಂಡಿರುತ್ತದೆ, ಹಿಂದಿನ ಕಣ್ಣು ಶ್ಯಾಕಲ್ ಎಂಬ ತೂಗುವ ಕೊಂಡಿಯ ಮೂಲಕ ಕೂಡಿಕೊಂಡಿರುತ್ತದೆ. ಭಾರ ಬಿದ್ದಾಗ ಪಟ್ಟಿ ನೇರವಾಗುತ್ತ ಉದ್ದವಾಗುತ್ತದೆ. ಆ ಉದ್ದಕ್ಕೆ ಜಾಗ ಕೊಡುವುದು ಶ್ಯಾಕಲಿನ ಕೆಲಸ.

ಪಟ್ಟಿಗೆ ಎರಡು ಗುಣಗಳಿವೆ. ಭಾರವಿಲ್ಲದಾಗ ಇರುವ ಕಮಾನಿನ ಆಕಾರ ಒಂದು, ಅದು ಬಾಗು. ಇಷ್ಟು ಕೆ.ಜಿ. ಹಾಕಿದರೆ ಇಷ್ಟು ತಗ್ಗುತ್ತದೆ ಎಂಬ ಲೆಕ್ಕ ಇನ್ನೊಂದು, ಅದು ಬಿಗುವು. ವರ್ಷಗಟ್ಟಲೆ ಅತಿಭಾರ ಹೊತ್ತ ಪಟ್ಟಿ ಕಳೆದುಕೊಳ್ಳುವುದು ಬಹುಮಟ್ಟಿಗೆ ಬಾಗನ್ನು ಮಾತ್ರ. ಪಟ್ಟಿ ಮುರಿಯದೆ, ತುಕ್ಕಿನಿಂದ ಸವೆಯದೆ ಇದ್ದರೆ ಅದರ ಬಿಗುವು ಹೊಸದರಲ್ಲಿ ಇದ್ದಷ್ಟೇ ಇರುತ್ತದೆ, ಏಕೆಂದರೆ ಬಿಗುವು ಪಟ್ಟಿಯ ಉದ್ದ, ಅಗಲ, ದಪ್ಪ ಮತ್ತು ಉಕ್ಕಿನ ಸ್ವಭಾವದಿಂದ ಬರುತ್ತದೆ, ಕಮಾನಿನಿಂದಲ್ಲ.

ಇಲ್ಲಿಂದಲೇ ಮುಖ್ಯ ಪರೀಕ್ಷೆ ಹುಟ್ಟುತ್ತದೆ. ಖಾಲಿ ನಿಂತಾಗಲೂ ಹಿಂಭಾಗ ತಗ್ಗಿದ್ದರೆ ಪಟ್ಟಿ ಬಾಗು ಕಳೆದುಕೊಂಡಿದೆ ಅಥವಾ ಒಳಗೆ ಯಾವುದೋ ಪಟ್ಟಿ ಮುರಿದಿದೆ. ಖಾಲಿ ಇದ್ದಾಗ ಸರಿಯಾಗಿದ್ದು, ಟ್ರೈಲರ್ ಸಿಕ್ಕಿಸಿದ ಕೂಡಲೇ ಕೂರುತ್ತಿದ್ದರೆ ಪಟ್ಟಿಯಲ್ಲಿ ದೋಷವಿಲ್ಲ, ಹೊರಿಸುತ್ತಿರುವ ಭಾರ ಹೆಚ್ಚಾಗಿದೆ. ಮೊದಲನೆಯದಕ್ಕೆ ಹೊಸ ಪಟ್ಟಿ ಬೇಕು. ಎರಡನೆಯದಕ್ಕೆ ಭಾರದ ಹಂಚಿಕೆ ಬದಲಾಗಬೇಕು. ಎರಡೂ ಕೂಡಿಕೊಂಡಿರುವ ಗಾಡಿಗಳೇ ನಮ್ಮ ಭಾಗದಲ್ಲಿ ಹೆಚ್ಚು. ಅಂಥಲ್ಲಿ ಎಷ್ಟು ಪಾಲು ಯಾವುದರದು ಎಂದು ಬೇರ್ಪಡಿಸಿ ನೋಡಬೇಕಾಗುತ್ತದೆ.

ಅಳತೆ ತೆಗೆಯುವ ಕ್ರಮ

ಸಿಮೆಂಟ್ ಹಾಕಿದ ಸಮತಟ್ಟಾದ ನೆಲ ಹುಡುಕಿಕೊಳ್ಳಿ. ಅಕ್ಕಿ ಗಿರಣಿಯ ಅಂಗಳವೋ ಪೆಟ್ರೋಲ್ ಬಂಕಿನ ಮೂಲೆಯೋ ಸಾಕು. ನಾಲ್ಕೂ ಟೈರಿಗೆ ಕೈಪಿಡಿಯಲ್ಲಿ ಅಥವಾ ಬಾಗಿಲ ಬಳಿಯ ಚೀಟಿಯಲ್ಲಿ ಬರೆದಷ್ಟು ಗಾಳಿ ಹಿಡಿಸಿ. ಗಾಳಿ ಕಡಿಮೆ ಇರುವ ಟೈರನ್ನೇ ಪಟ್ಟಿಯ ದೋಷವೆಂದು ತಿಳಿದು ಸಾವಿರಾರು ರೂಪಾಯಿ ಖರ್ಚು ಮಾಡಿದವರಿದ್ದಾರೆ. ಡಿಕ್ಕಿಯಲ್ಲಿರುವ ಸಾಮಾನನ್ನೆಲ್ಲ ಇಳಿಸಿ. ನಂತರ ಗಾಡಿಯನ್ನು ನಾಲ್ಕು ಹೆಜ್ಜೆ ಹಿಂದಕ್ಕೂ ಮುಂದಕ್ಕೂ ಉರುಳಿಸಿ, ಹಿಂದಿನ ಬಂಪರಿನ ಮೇಲೆ ನಿಂತು ಎರಡು ಮೂರು ಬಾರಿ ಕುಪ್ಪಳಿಸಿ ಇಳಿಯಿರಿ. ಪಟ್ಟಿಗಳು ಒಂದಕ್ಕೊಂದು ಉಜ್ಜಿಕೊಂಡು ಹಿಡಿದಿರುವುದರಿಂದ ಹೀಗೆ ಸಡಿಲಿಸದೆ ತೆಗೆದ ಅಳತೆ ನಂಬಲು ಬಾರದು.

ಈಗ ಚಕ್ರದ ನಡುಬಿಂದುವಿನಿಂದ ನೇರ ಮೇಲಿರುವ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದುಕೊಳ್ಳಿ. ನೆಲದಿಂದ ಅಳೆಯಬೇಡಿ, ನೆಲದ ಏರುತಗ್ಗು, ಟೈರಿನ ಸವೆತ ಎಲ್ಲವೂ ಆ ಅಳತೆಯಲ್ಲಿ ಸೇರಿಬಿಡುತ್ತವೆ. ಆಮೇಲೆ ನೀವು ದಿನವೂ ಎಳೆಯುವ ಟ್ರೈಲರನ್ನು, ದಿನವೂ ತುಂಬುವಷ್ಟೇ ತುಂಬಿ, ಕೊಂಡಿಗೆ ಸಿಕ್ಕಿಸಿ ಮತ್ತೆ ಅಳೆಯಿರಿ. ಹಿಂಭಾಗ ಎಷ್ಟು ಇಳಿಯಿತು, ಮುಂಭಾಗ ಎಷ್ಟು ಎದ್ದಿತು ಎಂಬ ಎರಡೂ ಅಂಕಿ ಬೇಕು. ಇದೇ ಕಂಪನಿಯ, ಇದೇ ಮಾದರಿಯ, ಕಡಿಮೆ ದುಡಿದ ಗಾಡಿ ಪರಿಚಯದವರ ಬಳಿ ಇದ್ದರೆ ಅದನ್ನೂ ಅಳೆದರೆ ಖಾಲಿ ಗಾಡಿ ಎಷ್ಟು ಎತ್ತರ ಇರಬೇಕಿತ್ತು ಎಂಬುದು ಖಚಿತವಾಗುತ್ತದೆ.

ಎಡ ಬಲಗಳ ನಡುವೆ ಒಂದೂವರೆ ಸೆಂಟಿಮೀಟರಿಗಿಂತ ಹೆಚ್ಚಿನ ವ್ಯತ್ಯಾಸ ಕಂಡರೆ, ತಗ್ಗಿದ ಬದಿಯಲ್ಲಿ ಪಟ್ಟಿ ಮುರಿದಿರುವ ಸಂಶಯವನ್ನು ಮೊದಲು ಇಟ್ಟುಕೊಳ್ಳಿ.

ತೂಕದ ಕಾಟಾ

ಭತ್ತದ ಗಿರಣಿ, ಹತ್ತಿ ಜಿನ್ನಿಂಗ್ ಮಿಲ್ಲುಗಳಿರುವ ಈ ಸೀಮೆಯಲ್ಲಿ ವೇಬ್ರಿಡ್ಜ್ ಹುಡುಕಲು ಅಲೆಯಬೇಕಾಗಿಲ್ಲ. ಸುಗ್ಗಿಯ ಸಾಲು ಇಲ್ಲದ ಹೊತ್ತಿನಲ್ಲಿ ಹೋಗಿ, ಕಾಟಾ ನೋಡಿಕೊಳ್ಳುವವರಿಗೆ ನಾಲ್ಕು ಬಾರಿ ತೂಗಬೇಕೆಂದು ಮೊದಲೇ ಹೇಳಿ. ಮೊದಲು ಖಾಲಿ ಗಾಡಿಯ ಮುಂದಿನ ಚಕ್ರಗಳನ್ನು ಮಾತ್ರ ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಿಸಿ ತೂಗಿ. ಎರಡನೆಯದಾಗಿ ಇಡೀ ಗಾಡಿಯನ್ನು ತೂಗಿ. ಮೂರನೆಯದಾಗಿ ಟ್ರೈಲರ್ ಸಿಕ್ಕಿಸಿ, ಟ್ರೈಲರಿನ ಚಕ್ರಗಳು ಪ್ಲಾಟ್‌ಫಾರ್ಮಿನಿಂದ ಹೊರಗಿರುವಂತೆ ಗಾಡಿಯನ್ನಷ್ಟೇ ತೂಗಿ. ಕೊನೆಗೆ ಅದೇ ಸ್ಥಿತಿಯಲ್ಲಿ ಮುಂದಿನ ಚಕ್ರಗಳನ್ನು ಮಾತ್ರ ತೂಗಿ. ಮೂರನೆಯ ತೂಕದಿಂದ ಎರಡನೆಯದನ್ನು ಕಳೆದರೆ ಟ್ರೈಲರಿನ ಮೂತಿ ಕೊಂಡಿಯ ಮೇಲೆ ಒತ್ತುತ್ತಿರುವ ಭಾರ ಸಿಗುತ್ತದೆ. ಇದನ್ನು ಮೂತಿಭಾರ ಎನ್ನೋಣ. ಪ್ರತಿ ಸಲವೂ ಇಡೀ ಗಾಡಿಯ ತೂಕದಿಂದ ಮುಂದಿನ ಆಕ್ಸೆಲಿನ ತೂಕ ಕಳೆದರೆ ಹಿಂದಿನ ಆಕ್ಸೆಲ್ ಹೊರುತ್ತಿರುವ ಭಾರ ಗೊತ್ತಾಗುತ್ತದೆ.

ಲಾರಿ ತೂಗುವ ಕಾಟಾ ಸಣ್ಣ ವ್ಯತ್ಯಾಸಗಳನ್ನು ಸರಿಯಾಗಿ ಹೇಳುವುದಿಲ್ಲ. ಮೂತಿಭಾರವನ್ನು ಇನ್ನೂ ನಿಖರವಾಗಿ ತಿಳಿಯಬೇಕಾದರೆ ಎಪಿಎಂಸಿಯಲ್ಲಿ ಚೀಲ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಒಳ್ಳೆಯ ಸಾಧನ. ಟ್ರೈಲರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಅದರ ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲು ಕೊಟ್ಟು, ತಕ್ಕಡಿಯ ಮೇಲೆ ಗಟ್ಟಿ ಮರದ ತುಂಡನ್ನಿಟ್ಟು, ಗಾಡಿಯ ಕೊಂಡಿ ಇರುವಷ್ಟೇ ಎತ್ತರದಲ್ಲಿ ಮೂತಿಯನ್ನು ಅದರ ಮೇಲೆ ಕೂರಿಸಿ ಅಂಕಿ ಓದಿ.

ತುಂಬಿದ ಟ್ರೈಲರಿನ ಒಟ್ಟು ತೂಕದ ಹತ್ತನೇ ಒಂದು ಭಾಗದ ಆಸುಪಾಸು ಮೂತಿಭಾರವಿದ್ದರೆ ಅದು ರಸ್ತೆಯ ಮೇಲೆ ನೆಟ್ಟಗೆ ಹಿಂಬಾಲಿಸುತ್ತದೆ. ಆದರೆ ಆ ಭಾರ ಹಿಂದಿನ ಪಟ್ಟಿಗಳ ಮೇಲೆ ಬೀಳುವಾಗ ಇದ್ದಷ್ಟೇ ಇರುವುದಿಲ್ಲ, ಹೆಚ್ಚಾಗುತ್ತದೆ. ಕೊಂಡಿ ಆಕ್ಸೆಲಿಗಿಂತ ಹಿಂದೆ ಚಾಚಿಕೊಂಡಿರುವುದರಿಂದ ಅದು ಸನ್ನೆಕೋಲಿನಂತೆ ಕೆಲಸ ಮಾಡುತ್ತದೆ. ಲೆಕ್ಕ ಹೀಗಿದೆ: ಬೊಲೆರೊದ ಎರಡು ಆಕ್ಸೆಲುಗಳ ನಡುವಿನ ಅಂತರ 2,680 ಮಿ.ಮೀ. ಕೊಂಡಿ ಹಿಂದಿನ ಆಕ್ಸೆಲಿನಿಂದ 1,000 ಮಿ.ಮೀ. ಹಿಂದಿದೆ ಎಂದುಕೊಳ್ಳಿ. ಸಾವಿರ ಲೀಟರ್ ನೀರು ಮತ್ತು ಚೌಕಟ್ಟು ಸೇರಿ 1,300 ಕೆ.ಜಿ. ತೂಗುವ ಟ್ರೈಲರಿನ ಮೂತಿಭಾರ 130 ಕೆ.ಜಿ. ಇದ್ದರೆ, ಹಿಂದಿನ ಆಕ್ಸೆಲಿನ ಮೇಲೆ ಬೀಳುವುದು ಸುಮಾರು 178 ಕೆ.ಜಿ. ಹೆಚ್ಚಿನ 48 ಕೆ.ಜಿ. ಬಂದದ್ದು ಮುಂದಿನ ಆಕ್ಸೆಲಿನಿಂದ. ಅಷ್ಟು ಭಾರ ಮುಂದಿನ ಚಕ್ರಗಳಿಂದ ಎತ್ತಿಹೋಗಿದೆ. ಸ್ಟಿಯರಿಂಗ್ ಹಗುರಾಗುವುದೂ ಮುಂದಿನ ಬ್ರೇಕ್ ಹಿಡಿತ ಕಳೆದುಕೊಳ್ಳುವುದೂ ಇದರಿಂದಲೇ. ಇದರ ಮೇಲೆ ಡಿಕ್ಕಿಯಲ್ಲಿ ಆರು ಚೀಲ ಸಿಮೆಂಟ್ ಇಟ್ಟರೆ ಇನ್ನೂ 300 ಕೆ.ಜಿ. ಸೇರುತ್ತದೆ, ಹಿಂದಿನ ಸೀಟಿನಲ್ಲಿ ಕೂತ ಆಳುಗಳ ಭಾರ ಬೇರೆ.

ಈ ಅಂಕಿಗಳನ್ನು ಆರ್‌ಸಿಯಲ್ಲಿ ಬರೆದಿರುವ ಒಟ್ಟು ತೂಕದ ಮಿತಿಯ ಜೊತೆ, ಕೈಪಿಡಿಯಲ್ಲಿ ಕೊಟ್ಟಿದ್ದರೆ ಆಕ್ಸೆಲಿನ ಮಿತಿ ಮತ್ತು ಎಳೆಯುವ ಮಿತಿಯ ಜೊತೆ ಹೋಲಿಸಿ ನೋಡಿ. ಮಿತಿ ಮೀರಿದ್ದರೆ ಪಟ್ಟಿಯ ವಿಚಾರವನ್ನು ಅಲ್ಲಿಗೇ ನಿಲ್ಲಿಸಿ, ಭಾರ ಇಳಿಸುವ ವಿಚಾರ ಮಾಡಿ. ಪಟ್ಟಿ ಹೆಚ್ಚಿಸಿದ ಮಾತ್ರಕ್ಕೆ ಆಕ್ಸೆಲ್, ಬೇರಿಂಗ್, ಬ್ರೇಕ್, ಟೈರ್, ಚಾಸಿ ಇವುಗಳ ಶಕ್ತಿ ಹೆಚ್ಚುವುದಿಲ್ಲ. ಕಾನೂನಿನ ದೃಷ್ಟಿಯಿಂದಲೂ ಮಿತಿ ಆರ್‌ಸಿಯಲ್ಲಿ ಇರುವುದೇ: 1988ರ ಮೋಟಾರು ವಾಹನ ಕಾಯ್ದೆಯ 113ನೇ ಕಲಂ ಆ ತೂಕ ಮೀರಿ ಓಡಿಸುವುದನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯ ನಂತರ 194ನೇ ಕಲಂ ಇದಕ್ಕೆ 20,000 ರೂಪಾಯಿ ದಂಡವನ್ನೂ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿಯನ್ನೂ ಹೇಳುತ್ತದೆ.

ಗಾಡಿಯ ಕೆಳಗೆ ಏನು ನೋಡಬೇಕು

ಮೊದಲು ತೊಳೆಸಿ. ನಮ್ಮ ಎರೆ ಮಣ್ಣು ಒದ್ದೆಯಾಗಿದ್ದಾಗ ಪಟ್ಟಿಗಳ ಸಂದಿಗೆ ಹೊಕ್ಕು, ಬಿಸಿಲಿಗೆ ಗಟ್ಟಿಯಾಗಿ ಕೂತಿರುತ್ತದೆ. ಅದು ತೇವವನ್ನು ಹಿಡಿದಿಟ್ಟು ಒಳಗೊಳಗೇ ತುಕ್ಕು ಹಿಡಿಸುತ್ತದೆ, ಬಿರುಕುಗಳನ್ನೂ ಮುಚ್ಚಿಬಿಡುತ್ತದೆ. ಸಂಡೂರಿನ ಅದಿರು ರಸ್ತೆಗಳಲ್ಲಿ ಓಡುವ ಗಾಡಿಯಲ್ಲಿ ಕೆಂಪು ಧೂಳನ್ನೂ ತುಕ್ಕನ್ನೂ ಬೇರ್ಪಡಿಸಿ ನೋಡುವುದೇ ಕಷ್ಟ, ಆದ್ದರಿಂದ ಒತ್ತಡದ ನೀರಿನಲ್ಲಿ ಸಂದಿ ಸಂದಿಯೂ ತೊಳೆದು ಒಣಗಲು ಬಿಟ್ಟ ಮೇಲೆ ಟಾರ್ಚ್ ಹಿಡಿದು ನೋಡಿ.

ಪಟ್ಟಿ ಮುರಿಯುವ ಜಾಗಗಳು ಬಹುಮಟ್ಟಿಗೆ ಗೊತ್ತಿರುವವೇ: ಮಧ್ಯದಲ್ಲಿ ಎಲ್ಲ ಪಟ್ಟಿಗಳನ್ನು ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟಿನ ತೂತಿನ ಬಳಿ, ಕಟ್ಟನ್ನು ಆಕ್ಸೆಲಿಗೆ ಬಿಗಿಯುವ ಯು ಬೋಲ್ಟ್ ಹಿಡಿದಿರುವ ಅಂಚಿನಲ್ಲಿ, ಮೇನ್ ಪ್ಲೇಟಿನ ಕಣ್ಣು ಸುತ್ತುವ ತಿರುವಿನಲ್ಲಿ. ಹೊಸ ಬಿರುಕು ಪಟ್ಟಿಯ ಅಡ್ಡಕ್ಕೆ ಕೂದಲೆಳೆಯಷ್ಟು ಸಣ್ಣ ಗೆರೆಯಾಗಿ ಕಾಣುತ್ತದೆ. ತೊಳೆದು ಒಣಗಿದ ಒಂದು ದಿನದ ನಂತರ ಆ ಗೆರೆಯಿಂದ ಕಿತ್ತಳೆ ಬಣ್ಣದ ತುಕ್ಕಿನ ನೀರು ಒಸರಿ ಕೆಳಗಿಳಿದಿರುತ್ತದೆ. ಯು ಬೋಲ್ಟಿನ ಅಡಿಯಲ್ಲೇ ಮುರಿದ ಪಟ್ಟಿ ಕಣ್ಣಿಗೆ ಬೀಳುವುದಿಲ್ಲ. ಅದರ ಗುರುತು ತುದಿಯಲ್ಲಿ ಸಿಗುತ್ತದೆ: ಪಟ್ಟಿಯ ತುದಿ ತನ್ನ ಮೊದಲಿನ ಜಾಗದಿಂದ ಅರ್ಧ ಇಂಚು ಸರಿದು, ಮೇಲಿನ ಪಟ್ಟಿಯ ಮೇಲೆ ಬೆಳ್ಳಗೆ ಹೊಳೆಯುವ ಉಜ್ಜಿದ ಕಲೆಯನ್ನು ಬಿಟ್ಟಿರುತ್ತದೆ.

ಚಾಸಿಯ ಕೆಳಗೆ, ಆಕ್ಸೆಲಿಗೆ ಎದುರಾಗಿ ಇರುವ ಬಂಪ್ ಸ್ಟಾಪ್ ರಬ್ಬರನ್ನು ನೋಡಿ. ಅದರ ಮುಖ ಧೂಳು ಹಿಡಿದು ಮಾಸಲಾಗಿದ್ದರೆ ಸಮಾಧಾನ. ನುಣುಪಾಗಿ ಹೊಳೆಯುತ್ತಿದ್ದರೆ, ಸೀಳಿದ್ದರೆ ಅಥವಾ ಕಿತ್ತುಹೋಗಿದ್ದರೆ ಆಕ್ಸೆಲ್ ಅದಕ್ಕೆ ಪದೇ ಪದೇ ಬಡಿಯುತ್ತಿದೆ ಎಂದರ್ಥ. ಟ್ರೈಲರ್ ಸಿಕ್ಕಿಸಿ ನಿಂತ ಗಾಡಿಯಲ್ಲೇ ಈ ರಬ್ಬರಿಗೂ ಆಕ್ಸೆಲಿಗೂ ನಡುವೆ ಎರಡು ಬೆರಳಿನ ಜಾಗವೂ ಇಲ್ಲವಾದರೆ ಆ ಭಾರದಲ್ಲಿ ಗಾಡಿ ಹೊರಡಿಸಬಾರದು. ಹೀಗೆ ಬಡಿದ ಪೆಟ್ಟು ಪಟ್ಟಿಯನ್ನು ದಾಟಿ ಚಾಸಿಗೇ ಹೋಗುತ್ತದೆ. ಪಟ್ಟಿಯ ಬ್ರಾಕೆಟ್ ಕೂಡಿದ ಜಾಗದಲ್ಲಿ, ರಿವೆಟ್ಟುಗಳ ಸುತ್ತ, ಕೊಂಡಿಯ ಚೌಕಟ್ಟು ಬೋಲ್ಟ್ ಮಾಡಿದಲ್ಲಿ ಬಿರುಕುಗಳಿವೆಯೇ ಎಂದು ತಪ್ಪದೆ ಹುಡುಕಬೇಕು.

ಬುಷ್‌ಗಳನ್ನು ಸರಳಿನಿಂದ ಮೀಟಿ ನೋಡಿ; ಪಟ್ಟಿಯ ಕಣ್ಣಿನೊಳಗಿನ ಈ ರಬ್ಬರ್ ಹರಿದು ಕಣ್ಣು ಓಲಾಡುತ್ತಿದ್ದರೆ ಬದಲಿಸಬೇಕು. ಮುಂದಿನ ಬ್ರಾಕೆಟ್ಟಿನಿಂದ ಆಕ್ಸೆಲಿನವರೆಗಿನ ಅಂತರವನ್ನು ಎರಡೂ ಬದಿ ಅಳೆಯಿರಿ. ಒಂದೇ ಇಲ್ಲದಿದ್ದರೆ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸೆಲ್ ಸರಿದಿದೆ. ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರುತ್ತಿದ್ದರೆ ಅದನ್ನೂ ಬದಲಿಸಿ. ಆದರೆ ಶಾಕ್ ಅಬ್ಸಾರ್ಬರ್ ಗಾಡಿಯ ಭಾರ ಹೊರುವುದಿಲ್ಲ, ಕುಣಿತವನ್ನಷ್ಟೇ ತಡೆಯುತ್ತದೆ. ಅದನ್ನು ಬದಲಿಸಿ ಹಿಂಭಾಗ ಮೇಲೇಳಲಿಲ್ಲವೆಂದು ನೊಂದುಕೊಳ್ಳುವುದು ಬೇಡ.

ಯಾವ ದಾರಿ ಹಿಡಿಯಬೇಕು

ಖಾಲಿ ಗಾಡಿಯೇ ತಗ್ಗಿದ್ದು ತೂಕ ಮಿತಿಯೊಳಗಿದ್ದರೆ, ಕಂಪನಿ ಮಾದರಿಯ ಹೊಸ ಪಟ್ಟಿ ಸೆಟ್ಟನ್ನು ಎರಡೂ ಬದಿಗೆ ಒಟ್ಟಿಗೆ ಹಾಕಿಸುವುದೇ ಉತ್ತಮ. ಒಂದೇ ಬದಿ ಬದಲಿಸಿದರೆ ಗಾಡಿ ಓರೆಯಾಗುತ್ತದೆ.

ಖರ್ಚು ಉಳಿಸಲು ಹಳೆಯ ಪಟ್ಟಿಗೇ ಮತ್ತೆ ಬಾಗು ಕೊಡಿಸುವ ಪದ್ಧತಿ ಇದೆ. ಲಾರಿಗಳು ನಿಲ್ಲುವ ಊರುಗಳಲ್ಲೆಲ್ಲ ಈ ಕೆಲಸ ಮಾಡುವವರು ಸಿಗುತ್ತಾರೆ, ಕೈ ಪಳಗಿದವರೂ ಇದ್ದಾರೆ. ಇದರಲ್ಲಿ ಎರಡು ವಿಧಾನಗಳಿವೆ. ತಣ್ಣಗಿರುವಾಗಲೇ ಪ್ರೆಸ್ಸಿನಲ್ಲೋ ಸುತ್ತಿಗೆಯಲ್ಲೋ ಬಾಗಿಸುವುದು ಒಂದು. ಪ್ರೆಸ್ಸಿನಲ್ಲಿ ಸಮವಾಗಿ ಬಾಗಿಸಿದರೆ ಪಟ್ಟಿ ಸ್ವಲ್ಪ ಕಾಲ ನಡೆಯುತ್ತದೆ, ಆದರೆ ಮತ್ತೆ ಕೂರುತ್ತದೆ. ಸುತ್ತಿಗೆಯ ಪೆಟ್ಟು ಬೀಳುವುದು ಕಮಾನಿನ ಒಳಮುಖಕ್ಕೆ. ರಸ್ತೆಯ ಮೇಲೆ ಭಾರ ಬಿದ್ದಾಗ ಹಿಗ್ಗಿ ಎಳೆತಕ್ಕೆ ಸಿಕ್ಕುವುದೂ ಅದೇ ಮುಖ. ಪೆಟ್ಟಿನ ಗುಳಿಯಿಂದಲೇ ಬಿರುಕು ಹೊರಡುವುದು ಇದರಿಂದ. ಎರಡನೆಯ ವಿಧಾನ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಾಗಿಸುವುದು. ಕಾಯಿಸಿದ ಉಕ್ಕು ತನ್ನ ಹದ ಕಳೆದುಕೊಳ್ಳುತ್ತದೆ. ಅದನ್ನು ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿ, ಮತ್ತೆ ಗೊತ್ತಾದ ಶಾಖಕ್ಕೆ ಕಾಯಿಸಿ ಹದ ಮಾಡಿದರೆ ಮಾತ್ರ ಅದು ಸ್ಪ್ರಿಂಗ್. ಹಾಗೆಯೇ ಗಾಳಿಗೆ ಆರಲು ಬಿಟ್ಟರೆ ಮೆತ್ತಗಾಗಿ ಬೇಗ ಕೂರುತ್ತದೆ, ನೀರು ಸುರಿದು ಬಿಟ್ಟರೆ ಪೆಡಸಾಗಿ ಒಂದೇ ಗುಂಡಿಗೆ ಮುರಿಯುತ್ತದೆ. ಶಾಖ ಅಳೆಯುವ ವ್ಯವಸ್ಥೆ ಇರುವ ಕುಲುಮೆ ಇದ್ದರೆ ಒಪ್ಪಿಕೊಳ್ಳಿ, ಇಲ್ಲವಾದರೆ ಟ್ರೈಲರ್ ಎಳೆಯುವ ಗಾಡಿಗೆ ಇದು ಬೇಡವೆಂದೇ ನನ್ನ ಮಾತು.

ಇನ್ನು ಹೆಚ್ಚುವರಿ ಪಟ್ಟಿಯ ವಿಚಾರ. ಭಾರ ಮಿತಿಯೊಳಗಿದ್ದು, ವರ್ಷದ ಹೆಚ್ಚಿನ ದಿನಗಳಲ್ಲಿ ಗಾಡಿ ಟ್ರೈಲರಿನ ಜೊತೆಯೇ ಓಡುವುದಾದರೆ ಒಂದು ಪಟ್ಟಿ ಸೇರಿಸುವುದಕ್ಕೆ ಅರ್ಥವಿದೆ. ಒಂದೇ ದಪ್ಪದ ಐದು ಪಟ್ಟಿಗಳ ಕಟ್ಟಿಗೆ ಅಂಥದ್ದೇ ಆರನೆಯದು ಸೇರಿಸಿದರೆ ಬಿಗುವು ಸುಮಾರು ಐದನೇ ಒಂದು ಭಾಗ ಹೆಚ್ಚುತ್ತದೆ, ಅದು ಸಹಿಸಿಕೊಳ್ಳಬಹುದಾದ ಬದಲಾವಣೆ. ದಪ್ಪ ಬದಲಾದರೆ ಲೆಕ್ಕ ಬೇರೆಯಾಗುತ್ತದೆ, ಏಕೆಂದರೆ ಬಿಗುವು ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 7 ಮಿ.ಮೀ. ಪಟ್ಟಿಯ ಬದಲು 8 ಮಿ.ಮೀ. ಪಟ್ಟಿ ಹಾಕಿದರೆ ಅದೊಂದೇ ಪಟ್ಟಿಯ ಬಿಗುವು ಹೆಚ್ಚೂಕಡಿಮೆ ಒಂದೂವರೆ ಪಟ್ಟು. "ಲಾರಿಯದು ಒಂದು ಉಳಿದಿದೆ, ಅದನ್ನೇ ಕತ್ತರಿಸಿ ಹಾಕೋಣ" ಎನ್ನುವ ಮಾತಿಗೆ ಒಪ್ಪಬಾರದ ಕಾರಣ ಇದು. ಅತಿ ಬಿಗುವಾದ ಪಟ್ಟಿ ಖಾಲಿ ಗಾಡಿಯಲ್ಲಿ ಬಾಗುವುದೇ ಇಲ್ಲ. ಮಳೆಯಲ್ಲಿ ತಿರುವಿನಲ್ಲಿ ಹಿಂದಿನ ಚಕ್ರ ನೆಲ ಬಿಟ್ಟು ಜಾರುತ್ತದೆ, ಗುಂಡಿಯ ಪೆಟ್ಟೆಲ್ಲ ಚಾಸಿಗೂ ಹಿಂದೆ ಕೂತವರ ಬೆನ್ನಿಗೂ ಹೋಗುತ್ತದೆ.

ವರ್ಷದಲ್ಲಿ ಕೆಲವೇ ದಿನ ಎಳೆಯುವವರಿಗೆ ಆಕ್ಸೆಲಿಗೂ ಚಾಸಿಗೂ ನಡುವೆ ಕೂರಿಸುವ, ಗಾಳಿ ತುಂಬುವ ಸಹಾಯಕ ಚೀಲ ಅನುಕೂಲ. ಭಾರವಿದ್ದಾಗ ಗಾಳಿ ಹಿಡಿಸಿ, ಇಲ್ಲದಾಗ ತಯಾರಕರು ಹೇಳಿದ ಕನಿಷ್ಠ ಒತ್ತಡಕ್ಕೆ ಇಳಿಸಬಹುದು. ಅದು ಭಾರವನ್ನು ಚಾಸಿಯ ಒಂದೇ ಬಿಂದುವಿನ ಮೇಲೆ ಹಾಕುವುದರಿಂದ ಆ ಜಾಗದ ಲೋಹ ತುಕ್ಕು ತಿಂದಿರಬಾರದು.

ಆಕ್ಸೆಲಿಗೂ ಪಟ್ಟಿಗೂ ನಡುವೆ ಕಬ್ಬಿಣದ ದಿಮ್ಮಿ ಇಟ್ಟು ಎತ್ತರಿಸುವುದು, ಉದ್ದನೆಯ ಶ್ಯಾಕಲ್ ಹಾಕುವುದು ಇವೆರಡೂ ಕಣ್ಣಿಗೆ ಗಾಡಿಯನ್ನು ಎತ್ತಿ ತೋರಿಸುತ್ತವೆಯೇ ಹೊರತು ಭಾರ ಹೊರುವ ಶಕ್ತಿಗೆ ಏನನ್ನೂ ಸೇರಿಸುವುದಿಲ್ಲ. ಎಳೆಯುವ ಗಾಡಿಗೆ ಇವು ಬೇಡ.

ಪಟ್ಟಿ ಬಿಚ್ಚುವುದು, ಕೂರಿಸುವುದು

ಹಿಂದಿನ ದಿನವೇ ಎಲ್ಲ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ. ಟ್ರೈಲರ್ ಕಳಚಿ, ಗಟ್ಟಿ ನೆಲದ ಮೇಲೆ ಗಾಡಿ ನಿಲ್ಲಿಸಿ. ಮುಂದಿನ ಎರಡೂ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಗಟ್ಟಿ ಅಡೆ ಕೊಡಿ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಹಿಂದಿನ ಚಕ್ರ ಓಡಿಸುವ ಗಾಡಿಯಲ್ಲಿ ಗೇರ್ ಹಿಡಿಯುವುದೂ ಅವನ್ನೇ. ಅವು ನೆಲ ಬಿಟ್ಟ ಮೇಲೆ ಗಾಡಿಯನ್ನು ನಿಲ್ಲಿಸಿ ಹಿಡಿಯುವುದು ಮುಂದಿನ ಚಕ್ರದ ಅಡೆಗಳು ಮಾತ್ರ. ಚಕ್ರದ ನಟ್ಟುಗಳನ್ನು ನೆಲದ ಮೇಲೆಯೇ ಸ್ವಲ್ಪ ಸಡಿಲಿಸಿ, ಗಾಡಿ ಎತ್ತಿ, ಪಟ್ಟಿಯ ಮುಂದಿನ ಬ್ರಾಕೆಟ್ಟಿಗಿಂತ ಮುಂದೆ ಚಾಸಿಯ ಕೆಳಗೆ ಎರಡೂ ಬದಿ ಸ್ಟ್ಯಾಂಡ್ ಕೊಡಿ. ಜಾಕಿನ ಮೇಲಷ್ಟೇ ನಿಂತ ಗಾಡಿಯ ಕೆಳಗೆ, ಕಲ್ಲು ಇಟ್ಟಿಗೆ ಜೋಡಿಸಿದ ಆಸರೆಯ ಕೆಳಗೆ ಯಾರೂ ಹೋಗಕೂಡದು. ಈ ಮಾತಿನಲ್ಲಿ ರಿಯಾಯಿತಿ ಇಲ್ಲ.

ಚಕ್ರ ತೆಗೆದ ಮೇಲೆ ಆಕ್ಸೆಲಿನ ಕೆಳಗೆ ಇನ್ನೊಂದು ಜಾಕ್ ಕೊಟ್ಟು, ಪಟ್ಟಿಯ ಮೇಲಿನ ಬಿಗು ಹೋಗುವಷ್ಟು ಮಾತ್ರ ಆಧರಿಸಿ. ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟ್ ಬಿಚ್ಚಿ. ಬ್ರೇಕಿನ ರಬ್ಬರ್ ಪೈಪ್ ಎಳೆತಕ್ಕೆ ಸಿಕ್ಕದಂತೆ ನೋಡಿಕೊಳ್ಳಿ. ಒಂದು ಸಲಕ್ಕೆ ಒಂದೇ ಬದಿಯ ಪಟ್ಟಿ ತೆಗೆಯಿರಿ. ಇನ್ನೊಂದು ಬದಿ ಕೂಡಿಕೊಂಡಿದ್ದರೆ ಆಕ್ಸೆಲ್ ಜಾಗ ಬಿಟ್ಟು ಹೊರಳುವುದಿಲ್ಲ.

ಯು ಬೋಲ್ಟಿನ ನಟ್ಟುಗಳು ಅಲುಗದಿದ್ದರೆ ಗ್ರೈಂಡರಿನಲ್ಲಿ ಕತ್ತರಿಸಿ, ಗ್ಯಾಸ್ ಕಟರ್ ತರಬೇಡಿ. ಅದರ ಶಾಖ ಪಟ್ಟಿಗೆ ತಾಗಿದರೆ ಹದ ಹೋಗುತ್ತದೆ. ಇದೇ ಕಾರಣಕ್ಕೆ ಪಟ್ಟಿಯ ಮೇಲೆ ಎಂದೂ ವೆಲ್ಡಿಂಗ್ ಮಾಡಿಸಬಾರದು. ಹಳೆಯ ಯು ಬೋಲ್ಟ್ ಬಿಚ್ಚಿದ ಮೇಲೆ ಮತ್ತೆ ಬಳಸುವಂತಿಲ್ಲ. ಒಮ್ಮೆ ಬಿಗಿದು ಹಿಗ್ಗಿದ ಬೋಲ್ಟ್ ಎರಡನೆಯ ಸಲ ಅಷ್ಟೇ ಹಿಡಿತ ಕೊಡುವುದಿಲ್ಲ. ಪಟ್ಟಿ ಸೇರಿಸಿದ್ದರೆ ಕಟ್ಟಿನ ದಪ್ಪ ಹೆಚ್ಚಾಗಿರುವುದರಿಂದ ಯು ಬೋಲ್ಟ್ ಮತ್ತು ಸೆಂಟರ್ ಬೋಲ್ಟ್ ಎರಡೂ ಅಷ್ಟೇ ಉದ್ದ ಹೆಚ್ಚಿರಬೇಕು. ಕಟ್ಟನ್ನು ಬಿಚ್ಚುವಾಗ ಸೆಂಟರ್ ಬೋಲ್ಟಿನ ಎರಡೂ ಪಕ್ಕದಲ್ಲಿ ಸಿ ಕ್ಲಾಂಪ್ ಬಿಗಿದು, ಬೋಲ್ಟ್ ತೆಗೆದ ಮೇಲೆ ಕ್ಲಾಂಪುಗಳನ್ನು ನಿಧಾನವಾಗಿ ಸಡಿಲಿಸಿ. ಕ್ಲಾಂಪ್ ಇಲ್ಲದೆ ಬೋಲ್ಟ್ ತೆಗೆದರೆ ಪಟ್ಟಿಗಳು ಚಿಮ್ಮಿ ಕೈ ಮುರಿಯಬಹುದು.

ಹೊಸ ಪಟ್ಟಿ ಕೂರಿಸುವಾಗ ಮೊದಲು ಮುಂದಿನ ಕಣ್ಣು, ಆಮೇಲೆ ಶ್ಯಾಕಲ್. ಎರಡೂ ಬೋಲ್ಟುಗಳನ್ನು ಸಡಿಲವಾಗಿಯೇ ಬಿಡಿ. ಕೆಲವು ಪಟ್ಟಿಗಳಲ್ಲಿ ಸೆಂಟರ್ ಬೋಲ್ಟ್ ನಟ್ಟನಡುವೆ ಇರುವುದಿಲ್ಲ, ಮುಂದಿನ ಅರ್ಧವೇ ಗಿಡ್ಡ. ತಿರುವು ಮುರುವಾದರೆ ಆಕ್ಸೆಲ್ ಹಿಂದೆ ಸರಿಯುತ್ತದೆ, ಆದ್ದರಿಂದ ತೆಗೆಯುವಾಗಲೇ ಗುರುತು ಹಾಕಿಕೊಳ್ಳಿ. ಆಕ್ಸೆಲನ್ನು ನಿಧಾನವಾಗಿ ತಂದು ಸೆಂಟರ್ ಬೋಲ್ಟಿನ ತಲೆ ಆಕ್ಸೆಲ್ ಪೀಠದ ತೂತಿನಲ್ಲಿ ಪೂರ್ತಿ ಕೂತಿದೆಯೆಂದು ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಿ. ಯು ಬೋಲ್ಟುಗಳ ನಾಲ್ಕು ನಟ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಹೋಗಿ, ಕೊನೆಯ ಬಿಗಿತವನ್ನು, ಎಷ್ಟು ಬಿಗಿದಿದೆ ಎಂದು ಅಳೆದು ತೋರಿಸುವ ಟಾರ್ಕ್ ರೆಂಚಿನಲ್ಲಿ ಕೈಪಿಡಿ ಹೇಳಿದಷ್ಟಕ್ಕೆ ತನ್ನಿ.

ಇಲ್ಲಿ ಅನೇಕ ಗ್ಯಾರೇಜುಗಳು ಬಿಟ್ಟುಬಿಡುವ ಹಂತವೊಂದಿದೆ. ರಬ್ಬರ್ ಬುಷ್ ಇರುವ ಗಾಡಿಯಲ್ಲಿ ಕಣ್ಣಿನ ಬೋಲ್ಟ್ ಮತ್ತು ಶ್ಯಾಕಲ್ ಬೋಲ್ಟುಗಳನ್ನು ಪಟ್ಟಿ ನೇತಾಡುತ್ತಿರುವಾಗ ಪೂರ್ತಿ ಬಿಗಿಯಬಾರದು. ಚಕ್ರ ಹಾಕಿ, ಗಾಡಿಯನ್ನು ನೆಲಕ್ಕಿಳಿಸಿ, ಕುಪ್ಪಳಿಸಿ, ಅದು ತನ್ನ ಎತ್ತರಕ್ಕೆ ಕೂತ ಮೇಲೆ ಬಿಗಿಯಬೇಕು. ಮೊದಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ.

ಬಿಗಿದ ಮೇಲೂ ಉಳಿದ ಕೆಲಸ

ಕೆಲವು ಗಾಡಿಗಳಲ್ಲಿ ಹಿಂದಿನ ಆಕ್ಸೆಲಿಗೂ ಚಾಸಿಗೂ ನಡುವೆ ಒಂದು ಸಣ್ಣ ಸರಳು ಅಥವಾ ಸ್ಪ್ರಿಂಗ್ ಕೂಡಿದ ಬ್ರೇಕ್ ವಾಲ್ವ್ ಇರುತ್ತದೆ. ಹಿಂಭಾಗ ತಗ್ಗಿದಷ್ಟೂ ಭಾರ ಹೆಚ್ಚಿದೆ ಎಂದು ತಿಳಿದು ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಕೊಡುತ್ತದೆ. ಪಟ್ಟಿ ಬದಲಿಸಿ ಹಿಂಭಾಗ ಎತ್ತರವಾದಾಗ, ಪಟ್ಟಿ ಸೇರಿಸಿ ಬಿಗುವಾದಾಗ, ಭಾರವಿದ್ದರೂ ಗಾಡಿ ಖಾಲಿಯೆಂದೇ ಈ ವಾಲ್ವ್ ಲೆಕ್ಕ ಹಾಕಿ ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ. ಟ್ರೈಲರ್ ತಳ್ಳುತ್ತಿರುವಾಗ ಹಿಂದಿನ ಬ್ರೇಕ್ ಕಡಿಮೆಯಾಗುವುದೆಂದರೆ ನಿಲ್ಲುವ ದೂರ ಹೆಚ್ಚುವುದು. ಆದ್ದರಿಂದ ಈ ವಾಲ್ವಿನ ಹೊಂದಾಣಿಕೆಯನ್ನು ಬ್ರೇಕ್ ಬಲ್ಲವರಿಂದ ಕೈಪಿಡಿಯ ಪ್ರಕಾರ ಮಾಡಿಸಿ. ಗಾಡಿಗೆ ಇಂಥ ವಾಲ್ವ್ ಇದೆಯೆಂದೇ ತಿಳಿಯದ ಮಾಲೀಕರು ಬಹಳ ಮಂದಿ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಹೆಡ್‌ಲೈಟನ್ನು ಟ್ರೈಲರ್ ಸಿಕ್ಕಿಸಿದ ಸ್ಥಿತಿಯಲ್ಲೇ ಹೊಂದಿಸಿ. ಗೋಡೆಗೆ ಎದುರಾಗಿ 10 ಮೀಟರ್ ದೂರ ನಿಲ್ಲಿಸಿದಾಗ ಡಿಮ್ ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ಸುಮಾರು 10 ಸೆಂ.ಮೀ. ಕೆಳಗಿರಲಿ. ಮೊದಲ 500 ಕಿ.ಮೀ. ಓಡಿದ ಮೇಲೆ ಯು ಬೋಲ್ಟುಗಳನ್ನು ಮತ್ತೊಮ್ಮೆ ಟಾರ್ಕ್ ರೆಂಚಿನಲ್ಲಿ ಬಿಗಿಯಬೇಕು. ಹೊಸ ಪಟ್ಟಿಗಳು ಒಂದಕ್ಕೊಂದು ಕೂತುಕೊಳ್ಳುತ್ತ ಬಿಗಿತ ಸಡಿಲವಾಗಿರುತ್ತದೆ. ಸಡಿಲ ಯು ಬೋಲ್ಟಿನಿಂದಲೇ ಸೆಂಟರ್ ಬೋಲ್ಟ್ ತುಂಡಾಗುತ್ತದೆ, ಮಧ್ಯದಲ್ಲೇ ಪಟ್ಟಿಯೂ ಮುರಿಯುತ್ತದೆ. ಆಗಲೇ ಎತ್ತರದ ಅಳತೆಯನ್ನೂ ಮತ್ತೆ ಬರೆದಿಡಿ, ಮುಂದಿನ ದಿನಗಳಲ್ಲಿ ಹೋಲಿಸಲು ಅದೇ ಆಧಾರ.

ಸ್ಕಾರ್ಪಿಯೊ, ಇನೋವಾದಂಥ ಗಾಡಿಗಳ ಹಿಂದೆ ಪಟ್ಟಿಯ ಬದಲು ಕಾಯಿಲ್ ಸ್ಪ್ರಿಂಗ್ ಇರುತ್ತದೆ. ಅಲ್ಲಿಯೂ ಅಳತೆ ಮತ್ತು ತೂಕದ ಕ್ರಮ ಇದೇ, ಜೋಡಿಯಾಗಿ ಬದಲಿಸುವ ನಿಯಮವೂ ಇದೇ. ಸುರುಳಿಗಳ ನಡುವೆ ರಬ್ಬರಿನ ಬಫರ್ ತುರುಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ: ಬಫರ್ ಹಿಡಿದ ಸುರುಳಿ ಕೆಲಸ ಮಾಡದೆ ನಿಲ್ಲುತ್ತದೆ, ಅದರ ಪಾಲಿನ ಶ್ರಮವೂ ಉಳಿದ ಸುರುಳಿಗಳ ಮೇಲೆ ಬೀಳುತ್ತದೆ.

ಟ್ರೈಲರ್ ತುಂಬುವ ರೀತಿ

ಹೊಸ ಪಟ್ಟಿ ಹಾಕಿಸಿ, ಹಳೆಯ ರೀತಿಯಲ್ಲೇ ಭಾರ ಹೇರಿದರೆ ಅದೂ ಕೂರುತ್ತದೆ. ಮೂತಿಭಾರ ಹೆಚ್ಚಾಗಿದ್ದರೆ ಭಾರವಾದ ಸಾಮಾನನ್ನು ಟ್ರೈಲರಿನ ಆಕ್ಸೆಲಿನ ಮೇಲಕ್ಕೆ ಸರಿಸಿ ಮತ್ತೆ ತೂಗಿ. ಆಕ್ಸೆಲಿಗಿಂತ ಹಿಂದಕ್ಕೆ ತಳ್ಳಿ ಮೂತಿಯನ್ನು ತೀರ ಹಗುರ ಮಾಡುವುದು ಇನ್ನೂ ಅಪಾಯ: ಕೊಪ್ಪಳದ ಹೆದ್ದಾರಿಯಂಥ ನೇರ ರಸ್ತೆಯಲ್ಲಿ ವೇಗ ಏರಿದಂತೆ ಟ್ರೈಲರ್ ಎಡಕ್ಕೂ ಬಲಕ್ಕೂ ಬೀಸತೊಡಗುತ್ತದೆ, ಕೊನೆಗೆ ಗಾಡಿಯನ್ನೇ ತಿರುಗಿಸಿಬಿಡುತ್ತದೆ. ಬೀಸಲು ತೊಡಗಿದರೆ ಬ್ರೇಕ್ ತುಳಿಯದೆ, ಸ್ಟಿಯರಿಂಗನ್ನು ಎಳೆದಾಡದೆ ನೆಟ್ಟಗೆ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು ವೇಗ ತಾನಾಗಿ ಇಳಿಯಲು ಬಿಡಬೇಕು.

ಸಿಕ್ಕಿಸಿದ ಟ್ರೈಲರಿನ ಚೌಕಟ್ಟು ನೆಲಕ್ಕೆ ಸಮಾನಾಂತರವಾಗಿರಬೇಕು. ಗಾಡಿಯ ಹಿಂಭಾಗ ಎದ್ದಿರುವುದರಿಂದ ಕೊಂಡಿಯ ಎತ್ತರವನ್ನು ಮತ್ತೆ ಹೊಂದಿಸಬೇಕಾಗಬಹುದು. ನೀರಿನ ಟ್ಯಾಂಕ್ ಎಳೆಯುವವರು ಅರ್ಧ ತುಂಬಿಸಿ ಹೊರಡಬಾರದು. ಬ್ರೇಕ್ ಹಾಕಿದಾಗ ಅರ್ಧ ಟ್ಯಾಂಕಿನ ನೀರೆಲ್ಲ ಮುಂದಕ್ಕೆ ನುಗ್ಗಿ ಕೊಂಡಿಯ ಮೇಲೆ ಬೀಳುತ್ತದೆ, ಏರಿನಲ್ಲಿ ಹಿಂದಕ್ಕೆ ಹೋಗಿ ಮೂತಿಯನ್ನು ಮೇಲೆತ್ತುತ್ತದೆ. ಪೂರ್ತಿ ತುಂಬಿದರೆ ಮಿತಿ ಮೀರುವುದಾದರೆ ಅಡ್ಡತಡೆ ಹಲಗೆಗಳಿರುವ ಟ್ಯಾಂಕನ್ನೋ, ತುಂಬಿದರೂ ಮಿತಿಯೊಳಗೇ ಇರುವ ಚಿಕ್ಕ ಟ್ಯಾಂಕನ್ನೋ ಆರಿಸಿಕೊಳ್ಳಿ.